ಮೂರು ಬೆರಳಿನ ಏಡಿ

ಭಾಗ್ಯಾ, ಶರಣು, ಇದನ್ನು ನಿಮ್ಮಿಬ್ಬರಿಗೆಂದೇ ಬರೆಯುತ್ತಿದ್ದೇನೆ.

ಹೋದ ಭಾನುವಾರ ಮಧ್ಯಾಹ್ನ, ಭಾಗ್ಯಾ, ನೀನು ಜೇವರ್ಗಿಯ ಮನೆಯ ಪಡಸಾಲೆಯಲ್ಲಿ ಕಾಲು ಚಾಚಿ ಕುಳಿತು ಉಗುರಿಗೆ ಕೆಂಪು ನೇಲ್ ಪಾಲಿಶ್ ಹಚ್ಚಿಕೊಳ್ಳುತ್ತಿದ್ದೆ. ಹೊರಗೆ ಮಳೆ ಹನಿಯುತ್ತಿತ್ತು. ಆ ಶೀಶೆಯ ವಾಸನೆಯೂ ಹಸಿ ಮಣ್ಣಿನ ವಾಸನೆಯೂ ಒಟ್ಟಿಗೆ ಮೂಗಿಗೆ ಬಡಿದಾಗ ನಾನು ಎದ್ದು ಅಡುಗೆ ಮನೆಗೆ ಹೋದೆ. ನೀನು ಹಿಂದೆಯೇ ಬಂದು, "ಆಯಿ, ತಲಿ ನೋಯ್ತದೇನು?" ಅಂದೆ. ನಾನು ಹೌದೆಂದೆ. ಅದು ಸುಳ್ಳು. ಆ ವಾಸನೆಗೆ ನನಗೆ ಏಡಿಗಳು ನೆನಪಾಗಿದ್ದವು. ಏಡಿಗಳ ಜೊತೆಗೆ ನಿಮ್ಮ ಮುತ್ಯಾ, ನನ್ನ ಯಜಮಾನರು, ನೆನಪಾಗಿದ್ದರು.

ಬಾಯಿಬಿಟ್ಟು ಹೇಳಲು ನನಗೆ ಬರುವುದಿಲ್ಲ. ನೂರು ಸಲ ಹೇಳಬೇಕೆಂದುಕೊಂಡು ನೂರು ಸಲವೂ ಚಹಾ ಕಾಸಲು ಎದ್ದು ಹೋಗಿದ್ದೇನೆ. ಬರೆಯಲು ಮಾತ್ರ ಹೆದರಿಕೆಯಿಲ್ಲ. ಶರಣುವಿನ ಹೋದ ವರ್ಷದ ನೋಟ್‌ಬುಕ್ಕಿನಲ್ಲಿ ಖಾಲಿ ಹಾಳೆಗಳು ಉಳಿದಿವೆ. ಅವು ಸಾಕು.

ನನ್ನ ತವರು ನರೋಣಾ. ಅಲ್ಲಿ ಮಳೆ ಬಂದರೆ ಬೆಳೆ, ಇಲ್ಲದಿದ್ದರೆ ಇಲ್ಲ. ಹೊಳೆ ಎಂದರೇನೆಂದು ನಾನು ಕಂಡದ್ದೇ ಮದುವೆಯಾಗಿ ಭೀಮೆಯ ದಂಡೆಗೆ ಬಂದ ಮೇಲೆ. ಸೊನ್ನದ ಬ್ಯಾರೇಜಿನ ಕೆಳಗಿನ ಆ ಊರಿನಲ್ಲಿ ನಿಮ್ಮ ಮುತ್ಯಾನದು ಅಂಬಿಗರ ಮನೆ. ಅವರ ಅಪ್ಪ ದೋಣಿ ನಡೆಸಿದವರು. ಸೇತುವೆಯಾದ ಮೇಲೆ ದೋಣಿಗೆ ಕೆಲಸ ಇಲ್ಲದಾಗಿ ಇವರ ಕೈಗೆ ಬಲೆಯೊಂದೇ ಉಳಿದಿತ್ತು. ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ನಾನು ಏಳನೆಯ ತರಗತಿ ಪಾಸಾಗಿದ್ದೆ. ಊರಿನವರು ಅದನ್ನು ಹೇಳಿ ಇವರನ್ನು ಕಾಡಿಸಿದರೆ ನಕ್ಕು ಸುಮ್ಮನಾಗುತ್ತಿದ್ದರು.

ನಾನು ಹೇಳಹೊರಟಿರುವುದು ನಿಮ್ಮ ಅವ್ವನ ಮದುವೆಯಾದ ಮರುವರ್ಷದ ಮುಂಗಾರು. ನೀವಿಬ್ಬರೂ ಇನ್ನೂ ಹುಟ್ಟಿರಲಿಲ್ಲ. ಮಿರಗದ ಮಳೆ, ಮುಂಗಾರಿನ ಮೊದಲ ಮಳೆ, ಬಿದ್ದ ನಾಲ್ಕನೆಯ ದಿನ ಆಳಂದದ ಕಡೆಯಿಂದ ಒಬ್ಬ ಹುಡುಗಿ ಬಂದಳು. ಹೆಗಲಿಗೆ ಚೀಲ, ಕಾಲಿಗೆ ಮೊಣಕಾಲುದ್ದದ ರಬ್ಬರ್ ಬೂಟು, ತಲೆಯ ಮೇಲೆ ದುಪಟ್ಟಾ. ಹೆಸರು ನಸೀಮಾ. ದೊಡ್ಡ ಓದು ಓದುತ್ತಿದ್ದಳು. ನಮ್ಮ ಊರ ಹಳ್ಳದಲ್ಲಿ ಎಷ್ಟು ಏಡಿಗಳಿವೆ, ಅವು ಹೇಗಿವೆ, ಹೆಚ್ಚುತ್ತಿವೆಯೋ ಕಡಿಮೆಯಾಗುತ್ತಿವೆಯೋ ಎಂದು ಒಂದು ಮಳೆಗಾಲ ಪೂರ್ತಿ ನೋಡಬೇಕಿತ್ತಂತೆ. ಹಳ್ಳ ಬಲ್ಲವರು ಯಾರೆಂದು ಕೇಳಿದಾಗ ಊರಿನವರು ನಮ್ಮ ಮನೆ ತೋರಿಸಿದರು.

ಊರಿಗೆ ಅದೊಂದು ಚೇಷ್ಟೆಯಾಯಿತು. ಹೋಟೆಲಿನ ಕಟ್ಟೆಯ ಮೇಲೆ ಕುಳಿತವರು ನಿಮ್ಮ ಮುತ್ಯಾ ಹಾದುಹೋಗುವಾಗಲೆಲ್ಲ, "ಏನಪಾ, ಏಡಿಗೋಳಿಗಿ ಆಧಾರ್ ಕಾರ್ಡ್ ಬಂತೇನು? ರೇಶನ್ ಯಾವಾಗ ಕೊಡ್ತಾರ?" ಅನ್ನುವರು. ಇವರು, "ಮದಲ ಹೆಬ್ಬೆಟ್ಟು ಒತ್ತಸಬೇಕಲ್ಲ, ಕೊಂಡಿಲೆ ಹಿಡಿಲಾಕತ್ಯಾವ" ಅಂತ ಹೇಳಿ ಮುಂದೆ ಹೋಗುವರು.

ಕೆಲಸ ಹೀಗಿತ್ತು. ಬಾಯಿ ಸಣ್ಣದಾದ ಬಿದಿರು ಬುಟ್ಟಿಗಳಲ್ಲಿ ಒಣಮೀನಿನ ತಲೆ ಕಟ್ಟಿ ಸಂಜೆ ಹಳ್ಳದಲ್ಲಿ ಇಡುವುದು. ಬೆಳಕು ಹರಿದಾಗ ಎತ್ತುವುದು. ಬಿದ್ದ ಏಡಿಯನ್ನು ಹಿಂದಿನಿಂದ ಹಿಡಿದು ಬೆನ್ನ ಚಿಪ್ಪಿನ ಅಗಲ ಅಳೆಯುವುದು. ಅದಕ್ಕೆ ಸ್ಟೀಲಿನ ಒಂದು ಅಳತೆಗೋಲು, ಜರುಗುವ ದವಡೆಯದು, ನಸೀಮಾ ಅದನ್ನು ವರ್ನಿಯರ್ ಅನ್ನುತ್ತಿದ್ದಳು. ಆಮೇಲೆ ಅಂಗೈಯಗಲದ ಬ್ಯಾಟರಿ ತಕ್ಕಡಿಯಲ್ಲಿ ತೂಕ. ಮಗುಚಿ ನೋಡಿದರೆ ಹೊಟ್ಟೆಯ ಮೇಲೊಂದು ಮಡಚಿದ ಮುಚ್ಚಳ ಇರುತ್ತದೆ. ಅದು ಸಪೂರವಾಗಿ ಚೂಪಾಗಿದ್ದರೆ ಗಂಡು, ಅಗಲವಾಗಿದ್ದರೆ ಹೆಣ್ಣು. ಹೆಣ್ಣಿನ ಮುಚ್ಚಳದೊಳಗೆ ತತ್ತಿಯೋ ಮರಿಯೋ ಇದ್ದರೆ ಅದಕ್ಕೆ ಬೇರೆ ಕಾಲಂ. ಎಷ್ಟು ಕಾಲು ಮುರಿದಿವೆ, ಹಿಡಿಯುವ ಕೊಂಡಿ ಎರಡೂ ಇವೆಯೇ, ಅದಕ್ಕೂ ಕಾಲಂ. ಕೊನೆಗೆ ಬೆನ್ನಿಗೆ ಒಂದು ಚುಕ್ಕಿ ಇಟ್ಟು, ಸಿಕ್ಕ ಜಾಗದಲ್ಲೇ ಬಿಡುವುದು. ಮುಂದೆ ಅದೇ ಏಡಿ ಮತ್ತೆ ಸಿಕ್ಕರೆ ಎರಡನೆಯ ಚುಕ್ಕಿ.

ಚುಕ್ಕಿ ಯಾಕೆಂದು ನನಗೆ ಮೊದಲು ತಿಳಿಯಲಿಲ್ಲ. ನಸೀಮಾ ಜೋಳದ ಡಬ್ಬಿ ಕೇಳಿ, ಅದರಲ್ಲಿ ಒಂದು ಹಿಡಿ ತೊಗರಿ ಕಲಸಿ, ಇನ್ನೊಂದು ಹಿಡಿ ತೆಗೆಯಲು ಹೇಳಿದಳು. ನನ್ನ ಹಿಡಿಯಲ್ಲಿ ತೊಗರಿ ಎಷ್ಟು ಬಂತೆಂದು ನೋಡಿ ಡಬ್ಬಿಯಲ್ಲಿ ಜೋಳ ಎಷ್ಟಿದೆಯೆಂದು ಅಂದಾಜು ಹೇಳಬಹುದಂತೆ. ಚುಕ್ಕಿಯ ಏಡಿಗಳೇ ತೊಗರಿ, ಹಳ್ಳವೇ ಡಬ್ಬಿ. ಅವಳು ತಂದಿದ್ದ ಬಣ್ಣ ಎರಡೇ ದಿನದಲ್ಲಿ ನೀರಿಗೆ ತೊಳೆದು ಹೋಯಿತು. ಆಗ ನಾನು ನಿಮ್ಮ ಅವ್ವ ಗಂಡನ ಮನೆಗೆಂದು ಜೇವರ್ಗಿಗೆ ಹೋಗುವಾಗ ಗೂಡಿನಲ್ಲಿ ಮರೆತುಹೋಗಿದ್ದ ನೇಲ್ ಪಾಲಿಶ್ ಶೀಶೆ ತಂದು ಕೊಟ್ಟೆ. ಆ ಚುಕ್ಕಿ ಹೋಗಲಿಲ್ಲ. ಮುತ್ಯಾ ಮೊದಲ ಏಡಿಯನ್ನು ಎತ್ತಿ ಹಿಡಿದು, "ಲಗ್ನಕ್ಕ ತಯಾರಾದ್ಳು ನೋಡ್" ಅಂದರು.

ಬರೆಯುವ ಕೆಲಸ ನನ್ನದಾಯಿತು. ನಸೀಮಾ ವಾರಕ್ಕೆರಡು ದಿನ ಮಾತ್ರ ಬರುತ್ತಿದ್ದಳು. ಆಳಂದದಿಂದ ಬಸ್ಸು ಬದಲಿಸಿ ಬರುವಷ್ಟರಲ್ಲಿ ಹತ್ತು ಗಂಟೆಯಾಗುತ್ತಿತ್ತು. ಅಷ್ಟರಲ್ಲಿ ಬುಟ್ಟಿ ಎತ್ತಿ, ಅಳೆದು, ಬಿಟ್ಟು ಬಂದಾಗಿರುತ್ತಿತ್ತು. ಅವಳು ಬಂದ ದಿನ ದಂಡೆಯ ಮೇಲೆ ಹಗ್ಗದಿಂದ ಮೀಟರಿನ ಚೌಕ ಹಾಕಿ ಏಡಿಯ ಬಿಲ ಎಣಿಸುತ್ತಿದ್ದಳು. ಮೊದಲ ದಿನವೇ ರಿಜಿಸ್ಟರಿನಲ್ಲಿ ಹಿಡಿದವರ ಹೆಸರು ಬರೆಯಬೇಕೆಂದು, "ಅಕ್ಕಾ, ಅಣ್ಣಾರ ಹೆಸರೇನ್ರಿ?" ಎಂದು ಕೇಳಿದಳು. ಗಂಡನ ಹೆಸರನ್ನು ನಾನು ಅಲ್ಲಿಯವರೆಗೆ ನಾಲಿಗೆಯ ಮೇಲೆ ತಂದವಳಲ್ಲ. ಅವಳ ಕೈಯಿಂದ ಪೆನ್ನು ತೆಗೆದುಕೊಂಡು ಬರೆದು ತೋರಿಸಿದೆ. ಆ ದಿನದಿಂದ ದಿನಾ ಬೆಳಿಗ್ಗೆ ಆ ಹೆಸರು ಬರೆಯುವುದೇ ನನ್ನ ಮೊದಲ ಕೆಲಸವಾಯಿತು.

ಆದರೆ ಹಳ್ಳಕ್ಕೆ ಬಂದು ಬರೆಯಲು ನಾನು ಒಪ್ಪಲಿಲ್ಲ. ಬೆಳಿಗ್ಗೆ ಅಲ್ಲಿ ಗಂಡಸರು ಎಮ್ಮೆ ತೊಳೆಯುತ್ತಾರೆ, ಹವಳಗಾ ಸಕ್ಕರೆ ಕಾರ್ಖಾನೆಗೆ ಕೆಲಸಕ್ಕೆ ಹೋಗುವವರು ಅದೇ ದಾರಿಯಲ್ಲಿ ಹಾದುಹೋಗುತ್ತಾರೆ. ಅವರೆದುರು ಪುಸ್ತಕ ಹಿಡಿದು ಕೂಡುವುದೆಂದರೆ ನನಗೆ ಮೈಯೆಲ್ಲ ಬೆವರು. ಹಾಗಾಗಿ ಮುತ್ಯಾ ಏಡಿಗಳನ್ನು ಬಕೆಟ್ಟಿನಲ್ಲಿ ಮನೆಗೆ ತರುವುದು, ಒಳಗಿನ ಅಂಗಳದಲ್ಲಿ ಅಳೆಯುವುದು, ನಾನು ಬರೆಯುವುದು, ಆಮೇಲೆ ಅವರು ಅವನ್ನು ಅವುಗಳ ಜಾಗಕ್ಕೆ ಬಿಟ್ಟು ಬರುವುದು ಎಂದಾಯಿತು. ನಸೀಮಾ ಒಪ್ಪಿಕೊಂಡಳು. ಒಂದೇ ಮಾತು ಹೇಳಿದಳು, ಬುಟ್ಟಿಗೆ ಬಿದ್ದದ್ದು ಒಂದೂ ಲೆಕ್ಕ ತಪ್ಪಬಾರದು.

ತಪ್ಪು ನಡೆದದ್ದು ಅಲ್ಲೇ, ನನ್ನ ನಾಚಿಕೆಯಿಂದಲೇ.

ನಮ್ಮ ಮನೆಯಲ್ಲಿ ಒಂದು ಪದ್ಧತಿ ಇತ್ತು. ತತ್ತಿಯನ್ನಾಗಲಿ ಮರಿಯನ್ನಾಗಲಿ ಹೊತ್ತ ತಾಯಿ ಏಡಿಯನ್ನು ಮನೆಗೆ ತರುವಂತಿಲ್ಲ. ಸಿಕ್ಕ ಜಾಗದಲ್ಲಿಯೇ ಬಿಟ್ಟು ಬರಬೇಕು. ಅತ್ತೆ ಅದನ್ನು ಬಿಗಿಯಾಗಿ ನಡೆಸಿದವರು. ಅವರು ಹೆತ್ತ ಏಳು ಮಕ್ಕಳಲ್ಲಿ ಉಳಿದವರು ಇವರೊಬ್ಬರೇ. ಅತ್ತೆ ಆಗ ಕಣ್ಣು ಕಾಣದೆ ಮೂಲೆ ಹಿಡಿದಿದ್ದರೂ ಬಕೆಟ್ಟು ಒಳಗೆ ಬಂದರೆ, "ಬಾಣಂತಿ ಇಲ್ಲಲ್ಲ ಅದರಾಗ?" ಎಂದು ದಿನಾ ಕೇಳುತ್ತಿದ್ದರು. ಇಲ್ಲವೆಂದು ಮುತ್ಯಾ ಹೇಳುತ್ತಿದ್ದರು. ನಿಜವಾಗಿಯೂ ಇರುತ್ತಿರಲಿಲ್ಲ. ತತ್ತಿ, ಮರಿಯ ಕಾಲಂ ಖಾಲಿ ಉಳಿಯಿತು. ನಾನು ಅದರಲ್ಲಿ ದಿನಾ ಒಂದು ಅಡ್ಡಗೆರೆ ಎಳೆಯುತ್ತಿದ್ದೆ. ಯಾಕೆ ಖಾಲಿಯೆಂದು ನನಗೆ ಗೊತ್ತಿತ್ತು. ನಸೀಮಾಳಿಗೂ ಗೊತ್ತಿರುತ್ತದೆ, ಇದು ಎಲ್ಲರಿಗೂ ತಿಳಿದದ್ದಲ್ಲವೇ ಎಂದುಕೊಂಡಿದ್ದೆ. ಒಂದು ಸಲ ಕೇಳಿದ್ದರೆ ಆಗುತ್ತಿತ್ತು. ನಾನು ಕೇಳಲಿಲ್ಲ.

ಶ್ರಾವಣದ ಕೊನೆಯಲ್ಲಿ ನಸೀಮಾಳ ಜೊತೆ ಅವಳ ದೊಡ್ಡ ಸರ್ ಬಂದರು. ಬಿಳಿ ಅಂಗಿ, ಚಾಳೀಸು, ಕಡಿಮೆ ಮಾತು. ಅಂಗಳದಲ್ಲಿ ಹಾಕಿದ ಕುರ್ಚಿಯ ಮೇಲೆ ಕುಳಿತು ರಿಜಿಸ್ಟರನ್ನು ಮೊದಲ ಹಾಳೆಯಿಂದ ನೋಡಿದರು. ಮಳೆ ನಿಂತು ಸೂರಿನಿಂದ ಒಂದೊಂದೇ ಹನಿ ಬೀಳುತ್ತಿತ್ತು. ನಾನು ಬಾಗಿಲ ಹಿಂದೆ ನಿಂತಿದ್ದೆ. ನಿಮ್ಮ ಮುತ್ಯಾ ಕಂಬದ ಹತ್ತಿರ.

ಸರ್ ರಿಜಿಸ್ಟರ್ ಮುಚ್ಚಿದರು. ಮುಂಗಾರಿನ ತಿಂಗಳುಗಳಲ್ಲಿ ತಾಯಿ ಏಡಿ ಒಂದೂ ಇಲ್ಲದ ಹಳ್ಳ ಇರಲು ಸಾಧ್ಯವಿಲ್ಲ, ಹೆಣ್ಣೇ ಇಷ್ಟು ಕಡಿಮೆ ಎಂದರೆ ಇದನ್ನು ಯಾರೋ ಮನೆಯಲ್ಲಿ ಕುಳಿತು ಮನಸ್ಸಿಗೆ ಬಂದಂತೆ ಬರೆದಿದ್ದಾರೆ, ಇಲ್ಲವೇ ತುಂಬಿದ ಏಡಿಗಳನ್ನು ಮೊದಲೇ ಸಂತೆಗೆ ಸಾಗಿಸಿ ಉಳಿದದ್ದನ್ನು ತೋರಿಸಿದ್ದಾರೆ ಎಂದರು. ಈ ಪುಸ್ತಕ ನಡೆಯುವುದಿಲ್ಲ, ಊರು ಬದಲಿಸು ಎಂದು ನಸೀಮಾಳಿಗೆ ಹೇಳಿದರು. ಸಿಟ್ಟಿನಿಂದಲ್ಲ, ಮೆಲ್ಲಗೇ ಹೇಳಿದರು. ಅದಕ್ಕೇ ಇನ್ನೂ ಹೆಚ್ಚು ನಾಟಿತು.

ನಸೀಮಾ ಇವರ ಮುಖ ನೋಡಿದಳು. "ಅಣ್ಣಾ, ಏನರ ಹೇಳ್ರಿ" ಅಂದಳು.

ಇವರು ಹೆಗಲ ಮೇಲಿನ ಟವೆಲ್ಲಿನಿಂದ ಕೈ ಒರೆಸಿಕೊಂಡರು. ಕೈ ಒಣಗಿಯೇ ಇತ್ತು, ಆದರೂ ಒರೆಸುತ್ತಲೇ ಇದ್ದರು. ಹೊಳೆಯಲ್ಲಿ ಸಿಕ್ಕ ಇನ್ನೊಬ್ಬರ ಬಲೆಯನ್ನು ಮೂರು ಹರದಾರಿ ನಡೆದು ಹೋಗಿ ಮುಟ್ಟಿಸಿ ಬಂದ ಮನುಷ್ಯ ಅವರು. ಅವರನ್ನು ಅವರ ಅಂಗಳದಲ್ಲೇ ಕಳ್ಳನೆಂದಂತಾಗಿತ್ತು. ಅವರು ತಲೆ ಎತ್ತಲಿಲ್ಲ. ಹೇಳಿದರೆ ಅತ್ತೆಯ ಮಾತನ್ನು, ಆಕೆ ಕಳೆದುಕೊಂಡ ಮಕ್ಕಳ ಸಂಗತಿಯನ್ನು ಅಪರಿಚಿತರ ಮುಂದೆ ಹರವಬೇಕಾಗುತ್ತಿತ್ತು. ಅದು ಅವರಿಂದ ಆಗದೆಂದು ನನಗೆ ಗೊತ್ತಿತ್ತು. ಸರ್ ಎದ್ದು ಚಪ್ಪಲಿ ಮೆಟ್ಟಿದರು. ಅವರು ಹೊಸ್ತಿಲು ದಾಟಿದರೆ ಆ ಮಾತು ಊರಿಗೆ ಹೋಗುತ್ತದೆ, ಹೋದದ್ದು ತಿರುಗಿ ಬರುವುದಿಲ್ಲ.

ನನ್ನ ಬಾಯಿಂದ ಮಾತು ಬಂದದ್ದು ನನಗೇ ಆಮೇಲೆ ತಿಳಿಯಿತು.

"ತಾಯಿ ಏಡಿ ಮನಿಗಿ ತರಂಗಿಲ್ರಿ ಸರ್. ನಮ್ಮ ಮನ್ಯಾಗ ಪದ್ಧತಿ ಅದ. ಹಳ್ಳದಾಗೇ ಬಿಡ್ತಾರ್ರಿ."

ಸರ್ ತಿರುಗಿದರು. ನಾನು ಬಾಗಿಲ ಹಿಂದೆಯೇ ಇದ್ದೆ, ಸೆರಗಷ್ಟೇ ಕಾಣುತ್ತಿತ್ತೇನೋ. ಹಳ್ಳಕ್ಕೆ ಬಂದು ಬರೆಯಲು ನನಗೆ ನಾಚಿಕೆಯಾಗಿ ಏಡಿಗಳನ್ನು ಮನೆಗೆ ತರಿಸಿದೆ, ತಪ್ಪು ನನ್ನದು, ಅವರದಲ್ಲ ಎಂದೂ ಹೇಳಿದೆ. ಒಳಗಿನ ಮೂಲೆಯಿಂದ ಅತ್ತೆ, "ಯಾರು ಮಾತಾಡಲಾಕತ್ತಾರ?" ಎಂದು ಕೇಳಿದರು. ಅವರಿಗೆ ನನ್ನ ದನಿಯ ಗುರುತೇ ಹತ್ತಿರಲಿಲ್ಲ.

ಆಗ ನಿಮ್ಮ ಮುತ್ಯಾ ಒಳಗೆ ಹೋದರು. ಬಲೆ ತೂಗುಹಾಕುವ ಗೂಟದಿಂದ ಒಂದು ಸುತ್ತು ಹುರಿ ತೆಗೆದುಕೊಂಡು ಬಂದು ಸರ್ ಮುಂದೆ ನೆಲದ ಮೇಲೆ ಇಟ್ಟರು. ಅದರ ತುಂಬ ಗಂಟುಗಳು. ನಾನು ಆ ಹುರಿಯನ್ನು ದಿನಾ ಕಂಡಿದ್ದೆ, ಬಲೆ ಹೊಲಿಯಲು ಇಟ್ಟದ್ದೆಂದುಕೊಂಡಿದ್ದೆ.

"ಬಿಟ್ಟದ್ದು ಇದರಾಗ ಅದಾವ್ರಿ. ಮೇಡಂ ಒಂದೂ ತಪ್ಪಬಾರದು ಅಂದಿದ್ರು" ಅಂದರು.

ಯಾಕೆ ಮೊದಲೇ ಹೇಳಲಿಲ್ಲವೆಂದು ನಸೀಮಾ ಕೇಳಿದಳು. ಅಚ್ಚು ಹಾಕಿದ ಪುಸ್ತಕದಲ್ಲಿ ಗಂಟಿಗೆ ಎಲ್ಲಿ ಜಾಗವಿರುತ್ತದೆ ಎಂದುಕೊಂಡರಂತೆ. ಹಾಗೆ ಹೇಳಿ ನಾಚಿಕೊಂಡರು. ಮನೆಯಲ್ಲಿ ನಾಚಿಕೆ ಇದ್ದದ್ದು ನನಗೊಬ್ಬಳಿಗೇ ಎಂದು ಅಲ್ಲಿಯವರೆಗೆ ತಿಳಿದಿದ್ದೆ.

ಒಂದು ಗಂಟೆಂದರೆ ಎರಡು ಬೆರಳಗಲದ ಏಡಿ, ಜೋಡಿ ಗಂಟೆಂದರೆ ಮೂರು ಬೆರಳಿನದು, ದಪ್ಪ ಗಂಟೆಂದರೆ ನಾಲ್ಕು. ಒಂದು ದಿನ ಮುಗಿದರೆ ಗೇಣು ಜಾಗ ಬಿಡುತ್ತಿದ್ದರು. ಸರ್ ಕುರ್ಚಿ ಬಿಟ್ಟು ನೆಲದ ಮೇಲೆ ಕುಳಿತರು. ಹುರಿಯ ಒಂದು ಕಡೆ ಗಂಟೇ ಇಲ್ಲದೆ ಎರಡು ಗೇಣು ಖಾಲಿಯಿತ್ತು. ಅದೇನೆಂದು ಕೇಳಿದರು. ನಾಗರಪಂಚಮಿ, ಅಂದು ಬಿಲದ ಹತ್ತಿರ ಹೋಗುವುದಿಲ್ಲ ಎಂದರು ಇವರು. ಮುಂದೆ ಇನ್ನೊಂದು ಉದ್ದದ ಖಾಲಿ. ಅದು ಬ್ಯಾರೇಜಿನ ಗೇಟು ತೆಗೆದು ಹೊಳೆಯ ನೀರು ಹಳ್ಳಕ್ಕೆ ಒತ್ತಿ ಬಂದ ದಿನಗಳು. ಸರ್ ನನ್ನತ್ತ ನೋಡದೆಯೇ, "ಅಮ್ಮಾ, ನಿಮ್ಮ ಪುಸ್ತಕದಲ್ಲಿ ಕೆಲಸ ಇಲ್ಲದ ದಿನಗಳು ಯಾವುವು, ಓದಿ" ಅಂದರು.

ನಾನು ಹೊರಗೆ ಬಂದೆ. ರಿಜಿಸ್ಟರ್ ತೆಗೆದುಕೊಂಡು ನಿಂತುಕೊಂಡೇ ಓದಿದೆ. ನಾನು ಒಂದೊಂದು ತಾರೀಖು ಓದಿದಂತೆ ನಸೀಮಾ ಹುರಿಯ ಮೇಲೆ ಬೆರಳು ಜರುಗಿಸುತ್ತ ಹೋದಳು. ಪುಸ್ತಕದ ಖಾಲಿಯೂ ಹುರಿಯ ಖಾಲಿಯೂ ಒಂದರ ಪಕ್ಕ ಒಂದು ಕೂತವು. ಎಲ್ಲೂ ಒಂದು ದಿನ ಹಿಂದೆ ಮುಂದೆ ಆಗಲಿಲ್ಲ.

ಸರ್ ಗಂಟುಗಳನ್ನು ಮತ್ತೊಮ್ಮೆ ಮುಟ್ಟಿ ನೋಡಿ, ಬೆರಳಿನ ಅಳತೆ ನಂಬುವುದು ಹೇಗೆ ಎಂದರು. ಸರ್ ಬರುತ್ತಾರೆಂದು ಅಂದು ಬಿಡದೆ ಇಟ್ಟಿದ್ದ ಬಕೆಟ್ಟಿನಿಂದ ಒಂದು ಏಡಿ ಎತ್ತಿಸಿದರು. ಇವರು ಅದರ ಬೆನ್ನಿಗೆ ಬೆರಳು ಜೋಡಿಸಿ, "ಮೂರು ಬೆರಳಿಗಿ ಒಂದು ಜ್ವಾಳದ ಕಾಳ ಕಮ್ಮಿ" ಅಂದರು. "ಹಂಗಾದ್ರ ಬೆರಳೂ ಅಳಿಯೂಣ್ರಿ" ಎಂದು ನಸೀಮಾ ವರ್ನಿಯರ್ ತಂದಳು. ಏಡಿಯ ಬೆನ್ನಿಗೆ ಹಾಕುತ್ತಿದ್ದ ಆ ಸ್ಟೀಲಿನ ದವಡೆಯನ್ನು ನಿಮ್ಮ ಮುತ್ಯಾನ ಒಂದೊಂದು ಬೆರಳಿಗೂ ಹಾಕಿ ಅಳತೆ ಕೂಗಿದಳು. ನಾನು ಬರೆದೆ. ಮೂರು ಬೆರಳು ಕೂಡಿಸಿ, ಏಡಿಯನ್ನೂ ಅಳೆದು ನೋಡಿದರೆ ವ್ಯತ್ಯಾಸ ಮೂರು ಮಿಲಿಮೀಟರ್, ಸರಿಯಾಗಿ ಜೋಳದ ಕಾಳಿನಷ್ಟೇ. ಸರ್ ನಕ್ಕರು. ನೀವು ಮೊದಲೇ ಸಿಕ್ಕಿದ್ದರೆ ಇಷ್ಟು ದುಡ್ಡು ಕೊಟ್ಟು ಇದನ್ನು ಕೊಳ್ಳುವುದು ತಪ್ಪುತ್ತಿತ್ತು ಎಂದು ವರ್ನಿಯರ್ ತೋರಿಸಿದರು. ಹೋಗುವ ಮುಂಚೆ ಇವರಿಗೆ ಕೈಮುಗಿದು, ತಾನು ಆಡಿದ್ದು ತಪ್ಪಾಯಿತೆಂದು ಬಾಯಿಬಿಟ್ಟು ಹೇಳಿದರು. ಗಂಟಿನ ಲೆಕ್ಕ ಬೇರೆ ಹಾಳೆಯಲ್ಲಿ ಬರಲಿ, ನಾಳೆಯಿಂದ ಮಾತ್ರ ಹಳ್ಳದಲ್ಲಿಯೇ ಅಳೆಯಿರಿ ಎಂದರು.

ಹಾಗೆ ಮರುದಿನ ನಾನು ಹಳ್ಳಕ್ಕೆ ಹೋದೆ. ಭಾದ್ರಪದ, ಆಶ್ವೀಜ, ಬನ್ನಿ ಹಬ್ಬದವರೆಗೆ. ನನ್ನ ಜೀವನದಲ್ಲಿ ಮತ್ತೆ ಬೇಕೆಂದು ಕೇಳಿಕೊಳ್ಳುವ ದಿನಗಳಿದ್ದರೆ ಅವೇ. ಜಾಲಿ ಮರದ ಬುಡದಲ್ಲಿ ಗೋಣಿಚೀಲ ಹಾಸಿ ನನ್ನನ್ನು ಕೂಡಿಸುತ್ತಿದ್ದರು. ಮೊದಲ ಮೂರು ದಿನ ಎಮ್ಮೆ ತೊಳೆಯುವವರು ನೋಡಿದರು, ನಾಲ್ಕನೆಯ ದಿನ ನೋಡುವುದನ್ನು ಬಿಟ್ಟರು. ಮಂಜು, ಹೊಲದ ಕಡೆಯಿಂದ ಹಸಿ ತೊಗರಿ ಗಿಡದ ವಾಸನೆ, ಮೊಣಕಾಲುದ್ದ ನೀರಿನಲ್ಲಿ ಧೋತರ ಕಟ್ಟಿ ನಿಂತ ಅವರು. ಮೊದಲ ತಾಯಿ ಏಡಿಯನ್ನು ನನ್ನ ಮುಂದೆ ತಂದು ಮುಚ್ಚಳವನ್ನು ಚೂರೇ ಎತ್ತಿ ತೋರಿಸಿದರು. ಒಳಗೆ ಸಜ್ಜೆ ಕಾಳಿನಷ್ಟು ಸಣ್ಣ ಮರಿಗಳು, ಪ್ರತಿಯೊಂದಕ್ಕೂ ಕಾಲು, ಕಣ್ಣು, ಕೊಂಡಿ. ನಾನು ಪೆನ್ನು ಹಿಡಿದು ಹಾಗೇ ಕುಳಿತುಬಿಟ್ಟೆ.

"ಲಗೂನ ಬರೀ ಬೇ, ಬಾಣಂತಿಗಿ ಗಾಳಿ ಹತ್ತತದ" ಅಂದರು.

ಬರೆದೆ. ಖಾಲಿಯಿದ್ದ ಆ ಕಾಲಮಿನಲ್ಲಿ ಅಂದು ಮೊದಲ ಅಂಕಿ ಬಿತ್ತು. ಒಂದು ಕೊಂಡಿ ಕಳೆದುಕೊಂಡ ಗಂಡು ಏಡಿಯೊಂದು ಮತ್ತೆ ಮತ್ತೆ ಬುಟ್ಟಿಗೆ ಬೀಳುತ್ತಿತ್ತು. ಅದಕ್ಕೆ ಪೈಲ್ವಾನ ಎಂದು ಹೆಸರಿಟ್ಟಿದ್ದರು. ಕೊನೆಯ ದಿನ ಅದರ ಬೆನ್ನ ಮೇಲೆ ಐದು ಚುಕ್ಕಿ ಇದ್ದವು. ಅದನ್ನು ನೀರಿಗೆ ಬಿಟ್ಟು, ಶೀಶೆಯ ತಳದಲ್ಲಿ ಉಳಿದಿದ್ದ ನೇಲ್ ಪಾಲಿಶಿನಿಂದ ನನ್ನ ಕಿರುಬೆರಳ ಉಗುರಿಗೂ ಒಂದು ಚುಕ್ಕಿ ಇಟ್ಟರು. ಮತ್ತೆ ಸಿಕ್ಕರೆ ಗುರುತು ಸಿಗಲಿ ಎಂದರು. ಎಮ್ಮೆ ತೊಳೆಯುವವರು ಅಂದು ನೋಡಿದರೋ ಇಲ್ಲವೋ, ನಾನು ತಲೆ ಎತ್ತಲಿಲ್ಲ.

ಅದಾದ ನಾಲ್ಕನೆಯ ವರ್ಷದ ಚಳಿಗಾಲದಲ್ಲಿ ಮೂರು ದಿನದ ಜ್ವರಕ್ಕೆ ಅವರು ಹೋದರು. ಭಾಗ್ಯಾ, ನಿನಗೆ ಆಗಿನ್ನೂ ಮಾತು ಪೂರ್ತಿ ಬಂದಿರಲಿಲ್ಲ. ಶರಣು, ನೀನು ಹೊಟ್ಟೆಯಲ್ಲಿದ್ದೆ. ನಸೀಮಾ ಸುದ್ದಿ ಕೇಳಿ ಆಳಂದದಿಂದ ಬಂದಳು. ಅವಳಿಗೆ ಆಗ ಕಾಲೇಜಿನಲ್ಲಿ ಕೆಲಸವಾಗಿತ್ತು. ನನ್ನ ಪಕ್ಕ ನೆಲದ ಮೇಲೆ ಕುಳಿತಿದ್ದು, ಹೋಗುವಾಗ ಒಂದು ಝೆರಾಕ್ಸ್ ಹಾಳೆ ಕೈಗಿಟ್ಟಳು. ರಿಜಿಸ್ಟರಿನಲ್ಲಿ ಬೆರಳು ಅಳೆದ ಆ ದಿನದ ಹಾಳೆ. ನನ್ನದೇ ಅಕ್ಷರ.

ನಿಮ್ಮ ಮುತ್ಯಾನ ಫೋಟೋ ಎಂದರೆ ರೇಶನ್ ಕಾರ್ಡಿನದು ಒಂದೇ. ಅದರಲ್ಲಿ ಮುಖವಷ್ಟೇ ಇದೆ, ಕೈಯಿಲ್ಲ. ನನಗೆ ನೆನಪಾಗುವುದು ಕೈ. ಹೋದ ಭಾನುವಾರ ನೀವು ಮಲಗಿದ ಮೇಲೆ ಶರಣುವಿನ ಕಂಪಾಸಿನಿಂದ ಸ್ಕೇಲು ತೆಗೆದು, ಆ ಅಂಕಿಗಳ ಪ್ರಕಾರ ಹಾಳೆಯ ಮೇಲೆ ನಾಲ್ಕು ಪಟ್ಟಿ ಎಳೆದು, ಅದರ ಮೇಲೆ ನನ್ನ ಕೈ ಇಟ್ಟು ನೋಡಿದೆ. ಪಟ್ಟಿಗಳು ಎರಡೂ ಕಡೆ ಹೊರಗೆ ಉಳಿದವು.

ಆ ಹಾಳೆಯಲ್ಲಿ ಇರುವುದು ಇಷ್ಟು. ಹಿಡಿದವರು: ಹಣಮಂತಪ್ಪ. ಬಲಗೈ, ಅಗಲ ಮಿಲಿಮೀಟರಿನಲ್ಲಿ. ತೋರುಬೆರಳು ಹತ್ತೊಂಬತ್ತು. ನಡುಬೆರಳು ಇಪ್ಪತ್ತು. ಉಂಗುರ ಬೆರಳು ಹದಿನೆಂಟು. ಕಿರುಬೆರಳು ಹದಿನಾರು.

ಶರಣು, ನಿನ್ನ ಕೈ ಇನ್ನೂ ಸಣ್ಣದು. ಭಾಗ್ಯಾ, ನಿನ್ನದೂ ಅಷ್ಟೇ. ವರ್ಷಕ್ಕೊಮ್ಮೆ ಮಿರಗದ ಮಳೆ ಬಿದ್ದ ದಿನ ಇಬ್ಬರೂ ಬೆರಳು ಅಳೆದು ನೋಡಿರಿ. ಯಾರದಾದರೂ ಒಂದು ಬೆರಳು ಈ ಅಂಕಿಗೆ ಸರಿಯಾಗಿ ಕೂತರೆ, ಹಾಳೆಯ ಅಂಚಿಗೆ ನೇಲ್ ಪಾಲಿಶಿನಿಂದ ಒಂದು ಕೆಂಪು ಚುಕ್ಕಿ ಇಡಿರಿ. ಆ ದಿನ ನಾನು ಇರುತ್ತೇನೋ ಇಲ್ಲವೋ. ಅಲ್ಲಿಯವರೆಗೆ ಈ ಹಾಳೆಗಳಿಗೆ ನೀರು ತಾಗದಂತೆ, ಝೆರಾಕ್ಸನ್ನು ಇವುಗಳ ನಡುವೆ ಮಡಚಿಟ್ಟು, ಮೇಲೆ ಆ ಗಂಟಿನ ಹುರಿ ಸುತ್ತಿ, ಇಬ್ಬರೂ ಕೂಡಿ ಜೋಪಾನ ಮಾಡಿರಿ.